ಕ್ರಾಕೋವ್‌ನಲ್ಲಿ ಚೆಚಿಲಿಯಾಳ ಎದುರು

ಪೋಲೆಂಡಿನ ಕ್ರಾಕೋವ್‌ನಲ್ಲಿ ಫ್ಲೋರಿಯನ್ ಹೆಬ್ಬಾಗಿಲು ದಾಟಿ ಹಳೇ ಪಟ್ಟಣದೊಳಕ್ಕೆ ಕಾಲಿಟ್ಟು ಬಲಕ್ಕೆ ಹೊರಳಿದರೆ ಪಿಯಾರ್ಸ್ಕಾ ಬೀದಿ. ಅಲ್ಲೇ ಚಾರ್ಟೊರಿಸ್ಕಿ ಮ್ಯೂಸಿಯಂ. ರೆಂಬ್ರಾಂಟನ ನಿಸರ್ಗಚಿತ್ರವೊಂದು ಅಲ್ಲಿದೆ, ತುರ್ಕರಿಂದ ಗೆದ್ದು ತಂದ ಯುದ್ಧದ ಸರಂಜಾಮೂ ಇದೆ. ಅವುಗಳ ಮುಂದೆ ನಿಲ್ಲುವ ವ್ಯವಧಾನ ನನಗಿರಲಿಲ್ಲ. ಕಾಲು ತಾನಾಗಿ ನಾನು ನೋಡಬಂದ ಚಿತ್ರವಿದ್ದ ಮಬ್ಬುಗತ್ತಲ ಕೋಣೆಯತ್ತ ನಡೆಯಿತು.

ಚಿತ್ರ ದೊಡ್ಡದಲ್ಲ. ಅಕ್ರೋಟು ಮರದ ಹಲಗೆ. ಸುಮಾರು 55 ಸೆಂಟಿಮೀಟರ್ ಎತ್ತರ, 40 ಅಗಲ. ಅದರಲ್ಲೊಬ್ಬ ಹದಿನಾರರ ಆಸುಪಾಸಿನ ಹುಡುಗಿ. ಅವಳ ತೋಳಲ್ಲಿ ಅರ್ಮಿನ್, ನಮ್ಮ ಮುಂಗುಸಿಯಂತೆ ಉದ್ದ ಮೈಯ ಬಿಳಿ ಪ್ರಾಣಿ. ಅವಳು ನಮ್ಮನ್ನು ನೋಡುತ್ತಿಲ್ಲ. ಮೈ ಒಂದು ಕಡೆಗೆ, ಮುಖ ಇನ್ನೊಂದು ಕಡೆಗೆ. ಚೌಕಟ್ಟಿನಾಚೆ ಯಾರೋ ಬಂದಿದ್ದಾರೆ, ಏನೋ ಅಂದಿದ್ದಾರೆ. ಅವಳಿಗದು ಕೇಳಿಸಿದೆ, ನಗು ಇನ್ನೂ ತುಟಿಗೆ ಬಂದಿಲ್ಲ. ಅರ್ಮಿನ್ ಕೂಡ ಅತ್ತಲೇ ಕತ್ತು ಚಾಚಿದೆ. ನಾನೂ ತಿರುಗಿ ನೋಡಿಬಿಟ್ಟೆ! ಅಲ್ಲಿ ಬರೀ ಗೋಡೆ.

1490ರ ಸುಮಾರಿಗೆ ಲಿಯೊನಾರ್ಡೊ ಡ ವಿಂಚಿ ಇದನ್ನು ಬರೆದಾಗ ಮಿಲಾನಿನ ಅರಮನೆಗಳಲ್ಲಿ ಭಾವಚಿತ್ರವೆಂದರೆ ಪಕ್ಕನೋಟ. ರೋಮನ್ ನಾಣ್ಯಗಳ ಮಾದರಿಯಲ್ಲಿ ಮೂಗು, ಗದ್ದ, ಒಡವೆ ಎಲ್ಲ ಅಚ್ಚುಕಟ್ಟು. ಉಸಿರು ಮಾತ್ರ ಇಲ್ಲ. ಈತ ಆ ಮುಖವನ್ನು ತಿರುಗಿಸಿದ, ತಿರುಗುವ ಗಳಿಗೆಯನ್ನೇ ಹಿಡಿದ. ಆ ಕೈಯನ್ನಾದರೂ ನೋಡಿ. ನೀಳ ಬೆರಳು, ಚರ್ಮದಡಿಯ ಮೂಳೆ, ಗಿಣ್ಣಿನ ಮಡಿಕೆ. ಹುಡುಗಿಯ ಕೈಗೆ ತುಸು ದೊಡ್ಡದೆಂದೇ ಹೇಳಬೇಕು. 1489ರಲ್ಲಿ ತಲೆಬುರುಡೆಗಳನ್ನು ಸೀಳಿ ನೋಡಿ ರೇಖಾಚಿತ್ರ ಬರೆದವನಿಗೆ ಚರ್ಮದ ಒಳಗೇನಿದೆಯೆಂದು ಚೆನ್ನಾಗಿ ಗೊತ್ತಿತ್ತು. ಅರ್ಮಿನ್‌ನ ಭುಜದ ಬಿಗಿಯಲ್ಲೂ ಆ ತಿಳಿವಳಿಕೆ ಕಾಣುತ್ತದೆ.

ಹುಡುಗಿ ಚೆಚಿಲಿಯಾ ಗಲೆರಾನಿ. ಮಿಲಾನಿನ ಆಡಳಿತ ಹಿಡಿದಿದ್ದ ಲುದೊವಿಕೊ ಸ್ಫೋರ್ಜಾನ ಪ್ರೇಯಸಿ. ಅವನಿಗೆ ನೇಪಲ್ಸಿನ ದೊರೆ ಕೊಟ್ಟ ಬಿರುದು ಅರ್ಮಿನ್ ಹೆಸರಿನದೇ, ಹಾಗಾಗಿ ಅವಳ ತೋಳಲ್ಲಿರುವುದು ಒಂದರ್ಥದಲ್ಲಿ ಅವನೇ. 1491ರಲ್ಲಿ ಅವನು ರಾಜಕುಮಾರಿಯೊಬ್ಬಳನ್ನು ಮದುವೆಯಾದ. ಅದೇ ವರ್ಷ ಚೆಚಿಲಿಯಾ ಅವನ ಮಗನನ್ನು ಹೆತ್ತಳು. 1498ರಲ್ಲಿ ಮಾಂಟುವಾದ ಇಸಾಬೆಲ್ಲಾ ದೆಸ್ತೆ ಚಿತ್ರವನ್ನು ನೋಡಲು ಕೇಳಿದಾಗ ಚೆಚಿಲಿಯಾ ಕಳಿಸಿಕೊಟ್ಟಳು, ಜೊತೆಗೊಂದು ಪತ್ರವನ್ನೂ ಬರೆದಳು: ಈಗ ತನಗೂ ಇದಕ್ಕೂ ಹೋಲಿಕೆಯಿಲ್ಲ, ತಪ್ಪು ಚಿತ್ರಕಾರನದಲ್ಲ, ತನ್ನ ವಯಸ್ಸಿನದು ಎಂಬರ್ಥದಲ್ಲಿ. ಇಂಥ ಮಾತಾಡಬಲ್ಲ ಹೆಣ್ಣು ಎಂದ ಮೇಲೆ ಆ ಕಣ್ಣುಗಳ ಚುರುಕು ಎಲ್ಲಿಂದ ಬಂತೆಂದು ಬೇರೆ ಹೇಳಬೇಕೆ?

ಚಿತ್ರಕ್ಕೆ ಕಿರುಕುಳ ಕಡಿಮೆಯೇನಾಗಿಲ್ಲ. ಹಿನ್ನೆಲೆಯ ಕಡುಗಪ್ಪು ಆಮೇಲೆ ಯಾರೋ ಬಳಿದದ್ದು. ಮೂಲೆಯಲ್ಲಿ ಬೇರೊಬ್ಬಳ ಹೆಸರು, ಅದೂ ತಪ್ಪು ಕಾಗುಣಿತದಲ್ಲಿ. 1800ರ ಸುಮಾರಿಗೆ ರಾಜಕುಮಾರ ಆಡಂ ಚಾರ್ಟೊರಿಸ್ಕಿ ತಾಯಿಗೆಂದು ಇಟಲಿಯಿಂದ ಕೊಂಡುತಂದ. ಪೋಲೆಂಡಿನಲ್ಲಿ ದಂಗೆಗಳು ಬಂದವು, ಚಿತ್ರ ಪ್ಯಾರಿಸ್ಸಿಗೆ ಹೋಗಿ ಮರಳಿತು. 1939ರಲ್ಲಿ ನಾಜಿಗಳು ಲೂಟಿ ಹೊಡೆದರು. ಆಕ್ರಮಿತ ಪೋಲೆಂಡಿನ ಗವರ್ನರ್ ಹನ್ಸ್ ಫ್ರಾಂಕ್ ಇದೇ ಊರಿನ ವಾವೆಲ್ ಕೋಟೆಯಲ್ಲಿ ತನ್ನ ಗೋಡೆಗೆ ತೂಗುಹಾಕಿಕೊಂಡ. 1945ರಲ್ಲಿ ಬವೇರಿಯಾದಲ್ಲಿ ಸಿಕ್ಕಿತು. ಜೊತೆಗೆ ಲೂಟಿಯಾಗಿದ್ದ ರಫಾಯೆಲ್ಲೊನ ತರುಣನ ಭಾವಚಿತ್ರ ಇವತ್ತಿಗೂ ಪತ್ತೆಯಿಲ್ಲ. 2016ರಲ್ಲಿ ಪೋಲೆಂಡ್ ಸರ್ಕಾರ ಇಡೀ ಸಂಗ್ರಹವನ್ನು 10 ಕೋಟಿ ಯೂರೋಗೆ ಕೊಂಡಿತು.

ಮೋನಾಲಿಸಾಗಿಂತ ಈ ಹುಡುಗಿ ಒಂದು ಕೈ ಮೇಲು ಎಂಬುದು ನನ್ನ ತೀರ್ಮಾನ. ಒಪ್ಪದವರು ಹೋಗಿ ನೋಡಿ ಬನ್ನಿ. ಸೋಮವಾರ ಮಾತ್ರ ಹೋಗಬೇಡಿ, ಅಂದು ಮ್ಯೂಸಿಯಂಗೆ ರಜೆ.