ಲಾಲ್‌ಬಾಗಿನಲ್ಲಿ ಶಿರಾ

ಕಡಲೆಕಾಯಿ ಕಿತ್ತು ಬಳ್ಳಿ ಬಣವೆ ಹಾಕಿದ ಮೇಲೆ ಶಿರಾ ಸೀಮೆಯ ನಮ್ಮ ಗೌಡಗೆರೆ ಹೋಬಳಿಯವರಿಗೆ ಸ್ವಲ್ಪ ಬಿಡುವು. ಆಗ ಧರ್ಮಸ್ಥಳಕ್ಕೋ ತಿರುಪತಿಗೋ ಹೋಗುವುದು ರೂಢಿ. ಬರೀ ಮರ ನೋಡಲು ಗಂಡ ಹೆಂಡತಿ ಬೆಂಗಳೂರು ಬಸ್ಸು ಹತ್ತಿದರೆ ನಾಲ್ಕು ಜನ ಕೇಳುತ್ತಾರೆ. ಕೇಳಲಿ ಎಂದು ಹತ್ತಿದೆವು.

ಲಾಲ್‌ಬಾಗಿನ ಹೂವಿನ ಗಡಿಯಾರ ನನ್ನವಳನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಲಿಲ್ಲ. 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆಗೂ ಒಂದು ಸುತ್ತು ಹಾಕಿದಳು, ಅಷ್ಟೆ. ಅವಳು ನಿಂತೇಬಿಟ್ಟದ್ದು ಹಳೆಯ ಬೂರುಗದ ಮರದ ಮುಂದೆ. ಗೋಡೆ ಎಬ್ಬಿಸಿದಂತೆ ನೆಲದಿಂದೆದ್ದ ಬೇರುಗಳು. ಎರಡು ಬೇರಿನ ಸಂದಿನಲ್ಲಿ ಆಳು ಕೂತರೆ ಆಚೆಯವರಿಗೆ ಕಾಣದು. ಬುಡದಿಂದ ತುದಿಯವರೆಗೆ ಕಣ್ಣಲ್ಲೇ ಅಳೆದು, “ಇದಕ್ಕೆ ಮೊದಲು ನೀರು ಹುಯ್ದವರು ಯಾರಿರಬೋದು?” ಎಂದಳು. ಕೊಳವೆಬಾವಿ ಬತ್ತಿ ತೆಂಗು ಸುಳಿ ಬಿದ್ದದ್ದನ್ನು ಕಂಡವರಿಗೆ ಮೊದಲು ಹುಟ್ಟುವ ಪ್ರಶ್ನೆ ಅದೇ.

ನಾನು ಶಿರಾದ ಕಥೆ ಹೇಳಿದೆ. 1687ರಲ್ಲಿ ಮೊಗಲರ ಕೈಸೇರಿದ ಶಿರಾ ಒಂದು ಸುಬಾದ ರಾಜಧಾನಿಯಾಗಿತ್ತು. ಅಲ್ಲಿ ದಿಲಾವರ್ ಖಾನನ ಅರಮನೆಯಿತ್ತು, ಖಾನ್ ಬಾಗ್ ಎಂಬ ತೋಟವಿತ್ತು. 1760ರಲ್ಲಿ ಹೈದರಾಲಿ ಲಾಲ್‌ಬಾಗಿಗೆ ಕೈಹಾಕಿದಾಗ ಆ ತೋಟವೇ ಅವನಿಗೆ ಮಾದರಿಯಾಗಿದ್ದೀತು ಎನ್ನುತ್ತಾರೆ. ಮುಂದೆ ಟಿಪ್ಪು ಶಿರಾದ ಹನ್ನೆರಡು ಸಾವಿರ ಕುಟುಂಬಗಳನ್ನು ಎಬ್ಬಿಸಿಕೊಂಡು ಹೋಗಿ ಶ್ರೀರಂಗಪಟ್ಟಣದ ಗಂಜಾಮ್ ಕಟ್ಟಿದನೆಂದು ಹಳೆಯ ಗೆಜೆಟಿಯರ್‌ನಲ್ಲಿದೆ. ಜನ ಹೋದ ಮೇಲೆ ತೋಟಕ್ಕೆ ಮಡೆ ಕಟ್ಟುವವರು ಯಾರು? ಈಗ ಶಿರಾದಲ್ಲಿ ಕೋಟೆ ತೋರಿಸುತ್ತಾರೆ, ಜುಮ್ಮಾ ಮಸೀದಿ, ಮಲಿಕ್ ರೆಹಾನನ ಗೋರಿ ತೋರಿಸುತ್ತಾರೆ. ಖಾನ್ ಬಾಗ್ ಇದ್ದ ಜಾಗ ಇದೇ ಎಂದು ತೋರಿಸಿದವರು ನನಗೆ ಸಿಕ್ಕಿಲ್ಲ. ನನಗದು ನೋವಿನ ಸಂಗತಿ. ಊರಿಗೆ ಕೋಟೆ ಎಷ್ಟು ಮುಖ್ಯವೋ ನೆರಳೂ ಅಷ್ಟೇ ಮುಖ್ಯ.

“ಅಂದ್ರೆ ನಮ್ ಸೀಮೇಲೂ ಆಗ ನೀರಿತ್ತು ಅನ್ನಿ,” ಎಂದಳು.

ಮುನ್ನೂರು ಕೋಟಿ ವರ್ಷದ್ದೆನ್ನುವ ಬಂಡೆಯ ಮೇಲೆ, ಕೆಂಪೇಗೌಡರ ಗೋಪುರದ ಹತ್ತಿರ ಕೂತಾಗಲೂ ಅವಳದು ಅದೇ ಯೋಚನೆ. ಶಿರಾ ಕೆರೆಗೆ ಈಗ ಹೇಮಾವತಿ ಬರುತ್ತದಲ್ಲ, ಏರಿಯ ಕೆಳಗೆ ಒಂದು ತೋಟ ಯಾಕಾಗಬಾರದು? ಹೂವಿನ ಪಾತಿ ಆಮೇಲೆ, ಮೊದಲು ಹುಣಸೆ ಹಾಕಬೇಕು ಎಂದಳು. ಕಗ್ಗಲಡುವಿನ ಹುಣಸೆ ಮರಗಳಿಗೆ ಕೊಕ್ಕರೆಗಳು ಹುಡುಕಿಕೊಂಡು ಬರುವುದಿಲ್ಲವೇ? ನಾನು ಹೊಂಗೆ ಬೇಗ ನೆರಳು ಕೊಡುತ್ತದೆ ಎಂದೆ. ಅವಳು ಒಪ್ಪಲಿಲ್ಲ. ತುಮಕೂರು ದಾಟುವವರೆಗೂ ಈ ಚರ್ಚೆ ನಡೆಯಿತು.