ಯೇವೂರಿನ ಕಾಡಿನಲ್ಲಿ ಕುಂಚ, ಲೇಖನಿ

ಡೊಂಬಿವಲಿ, ಕಲ್ಯಾಣಗಳಿಂದ ದಿನವೂ ಗಾಡಿಯಲ್ಲಿ ನೇತಾಡುತ್ತ ಮುಂಬಯಿಗೆ ಹೋಗಿಬರುವ ನಮ್ಮವರಿಗೆ ಕಾಡೆಂದರೆ ರಜೆಯಲ್ಲಿ ಊರಿಗೆ ಹೋಗುವಾಗ ಘಟ್ಟದಲ್ಲಿ ಕಾಣುವಂಥದು. ಆದರೆ ಠಾಣೆಯ ಮಗ್ಗುಲಲ್ಲೇ ಯೇವೂರಿನ ಗುಡ್ಡವಿದೆ. ಉಪವನ ಕೆರೆಯ ಬಳಿಯಿಂದ ಮೇಲೇರಿದರೆ, ಸುಮಾರು ೧೦೪ ಚದರ ಕಿಲೊಮೀಟರ್ ಹಬ್ಬಿದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಮೂಡಣ ಅಂಚು. ಮಾಘದ ಒಂದು ಭಾನುವಾರ ನಾವು ಕೆಲವರು ಮಕ್ಕಳೊಡನೆ ಬಣ್ಣದ ಪೆಟ್ಟಿಗೆ, ಮಸಿಕುಡಿಕೆ, ನೀರಿನ ಚೊಂಬು ಹಿಡಿದು ಅತ್ತ ಹೊರಟೆವು.

ಮಳೆಗಾಲದಲ್ಲಿ ಇಲ್ಲಿ ಹಸುರಿಗೆ ಬರವಿಲ್ಲ. ಆದರೆ ಆ ತೇವದಲ್ಲಿ ಬಣ್ಣ ಒಣಗದು. ಮಾಘದಲ್ಲಾದರೋ ಎಲೆ ಉದುರಿ ಮರಗಳ ಮೈಕಟ್ಟು ಕಾಣುತ್ತದೆ. ಮುತ್ತುಗ, ಬೂರುಗಗಳು ಕೆಂಪು ಹೂ ತಳೆಯುತ್ತವೆ.

ಮೊದಲು ದೂರದ ಗುಡ್ಡಕ್ಕೆ ತೆಳುನೀಲಿ, ಅದರ ಮುಂದೆ ಒಣಹುಲ್ಲಿನ ಹೊಂಬಣ್ಣ. ಬಿಸಿಲು ಬಿದ್ದೆಡೆ ಕಾಗದವನ್ನು ಬಿಳಿಯಾಗಿಯೇ ಉಳಿಸಬೇಕು; ಜಲವರ್ಣದಲ್ಲಿ ಬೆಳಕೆಂದರೆ ಕಾಗದವೇ. ಚೆನ್ನಾಗಿ ಒಣಗಿದ ಮೇಲೆ ಲೇಖನಿ, ಅದೂ ಹತ್ತಿರದ ಮರಗಳಿಗೆ ಮಾತ್ರ. ದೂರದ ಗುಡ್ಡಕ್ಕೂ ದಪ್ಪ ಗೆರೆ ಎಳೆದರೆ ಅದು ಮುಂದೆ ಬಂದು ನಿಲ್ಲುತ್ತದೆ. ಸಾಮಾನ್ಯ ಫೌಂಟನ್ ಪೆನ್ನಿನ ಮಸಿ ನೀರು ತಾಗಿದರೆ ಹರಡೀತು. ಒಣಗಿದ ಮೇಲೆ ಕರಗದ ಇಂಡಿಯನ್ ಇಂಕೇ ಮೇಲು.

ಗೆರೆಯ ಶಕ್ತಿಯನ್ನು ತೋರಿದವರು ನಮ್ಮವರೇ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ೧೯೧೧ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿದರು. ಬೆಂಗಳೂರಿನ ರುಮಾಲೆ ಚನ್ನಬಸವಯ್ಯನವರು ಹೂಬಿಟ್ಟ ಮರಗಳ ಎದುರಿಗೇ ಕುಳಿತು ಚಿತ್ರ ಬರೆದವರು.

ಮಗುವೊಂದು ಮೊಸಳೆಯ ಚರ್ಮದಂತೆ ಬಿರಿದ ತೊಗಟೆಯನ್ನು ಬರೆಯುತ್ತ ಮರದ ಹೆಸರು ಕೇಳಿತು. ಹತ್ತಿರದ ಪಾಡಾದ ವಾರ್ಲಿ ಅಜ್ಜಿ "ಐನ್" ಎಂದರು. ನಮ್ಮೊಡನಿದ್ದ ಶಿರಸಿ ಕಡೆಯ ಹಿರಿಯರು, "ಅಯ್ಯೋ, ಇದು ನಮ್ಮ ಮತ್ತಿಯಲ್ಲವೇ!" ಎಂದು ಎದ್ದು ಬಂದು ಕಾಂಡವನ್ನು ತಡವಿದರು. ಸಾಗವೆಂದರೆ ನಮ್ಮ ತೇಗ, ಪಳಸವೆಂದರೆ ಮುತ್ತುಗ. ಮಕ್ಕಳು ಚಿತ್ರದ ಕೆಳಗೆ ಎರಡೂ ಹೆಸರುಗಳನ್ನು ಬರೆದುಕೊಂಡರು.

ಇಂದು ಮನೆಗಳ ಸಾಲು ಗುಡ್ಡದ ಬುಡಕ್ಕೇ ಬಂದಿದೆ. ಕಾಡಿನ ಅಡಿಯಲ್ಲಿ ಹಾಯುವ ಠಾಣೆ–ಬೋರಿವಲಿ ಜೋಡಿ ಸುರಂಗಕ್ಕೆ ೨೦೨೪ರ ಜುಲೈಯಲ್ಲಿ ಭೂಮಿಪೂಜೆಯಾಯಿತು. ದಾರಿ ಬೇಡವೆನ್ನಲು ಗಾಡಿಯ ನೂಕುನುಗ್ಗಲು ಬಲ್ಲ ನಮಗೆ ಬಾಯಿ ಬಾರದು. ಆದರೂ ಒಂದು ಮರವನ್ನು ಎರಡು ತಾಸು ನೋಡಿ ಬರೆದ ಮಗು, ಮುಂದಿನ ಮಾಘದಲ್ಲಿ ಅದು ಅಲ್ಲಿ ಕಾಣದಿದ್ದರೆ "ಏಕೆ?" ಎಂದು ಕೇಳದೆ ಬಿಡದು. ಹಾಗೆ ಕೇಳುವವರು ನಮ್ಮ ಮನೆಗಳಲ್ಲಿ ಬೆಳೆಯಲಿ.

ಹೋಗುವವರು ಬೆಳಗ್ಗೆಯೇ ಹೊರಡಿರಿ. ಇದು ಚಿರತೆಗಳಿರುವ ಕಾಡು, ಹೊತ್ತು ಮುಳುಗುವ ಮುನ್ನ ಇಳಿದುಬಿಡಬೇಕು.