ಕಾವೆಂಟ್ರಿಯ ಕಬ್ಬಿಣದ ಹೊಲಿಗೆ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಕನ್ನಡದ ಗಾದೆ. ಆದರೆ ಒಡೆದುದೆಲ್ಲವೂ ಹೋಗಲೇಬೇಕೇ? ಇಂಗ್ಲೆಂಡಿನ ನಡುನಾಡಿನಲ್ಲಿರುವ ಕಾವೆಂಟ್ರಿ ನಗರವು ಈ ಪ್ರಶ್ನೆಗೆ ಎರಡು ಬಗೆಯಲ್ಲಿ ಉತ್ತರ ಹೇಳಿದೆ. ಒಂದನ್ನು ಕಲ್ಲಿನಲ್ಲಿ, ಇನ್ನೊಂದನ್ನು ಕಬ್ಬಿಣದಲ್ಲಿ.

1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಸುರಿಸಿದ ಬೆಂಕಿಗೆ ಊರಿನ ನಡುಭಾಗವು ಆಹುತಿಯಾಯಿತು. ಸೇಂಟ್ ಮೈಕೇಲ್ ಇಗರ್ಜಿಯ ಚಾವಣಿ ಕುಸಿದು, ಹೊರಗೋಡೆಗಳೂ ಗೋಪುರವೂ ಉಳಿದವು. ಊರವರು ಅವನ್ನು ಕೆಡವಲಿಲ್ಲ. ಬೇಸಿಲ್ ಸ್ಪೆನ್ಸ್ ರೂಪಿಸಿದ ಹೊಸ ಮಂದಿರವನ್ನು ಅವುಗಳ ಮಗ್ಗುಲಲ್ಲಿಯೇ ಕಟ್ಟಿ, 1962ರಲ್ಲಿ ಪ್ರತಿಷ್ಠಾಪಿಸಿದರು.

ಅದೇ ಯುದ್ಧದ ದಿನಗಳಲ್ಲಿ, ಊರಿನ ಕಾರ್ಖಾನೆಯೊಂದರಲ್ಲಿ ರಾತ್ರಿಯ ಬೆಂಕಿಗಾವಲಿಗೆ ಕುಳಿತ ವಿಲಿಯಂ ಲಯನ್ಸ್ ಮತ್ತು ಅವರ ಇಂಜಿನಿಯರರು ಶಾಂತಿಕಾಲಕ್ಕೆಂದು ಹೊಸ ಇಂಜಿನ್ನೊಂದನ್ನು ಚಿಂತಿಸುತ್ತಿದ್ದರು. ಆರು ಸಿಲಿಂಡರುಗಳ ಆ ಎಕ್ಸ್‌ಕೆ ಇಂಜಿನ್ 1948ರಲ್ಲಿ ಜಾಗ್ವಾರ್ ಎಕ್ಸ್‌ಕೆ 120 ಕಾರಿನಲ್ಲಿ ಲೋಕದ ಕಣ್ಣಿಗೆ ಬಿದ್ದಿತು, 1961ರಲ್ಲಿ 3.8 ಲೀಟರಿನ ರೂಪದಲ್ಲಿ ಪ್ರಸಿದ್ಧ ಇ-ಟೈಪ್ ಕಾರಿನ ಹೃದಯವಾಯಿತು.

ಈ ಇಂಜಿನ್ನಿನ ಒಡಲು ಎರಕದ ಕಬ್ಬಿಣದ ಒಂದೇ ಗಟ್ಟಿ. ಅದಕ್ಕೆ ಬ್ಲಾಕ್ ಎಂದು ಹೆಸರು. ಸಿಲಿಂಡರುಗಳ ಸುತ್ತ ನೀರು ಹರಿದು ತಂಪನ್ನೀಯಲು ಅದರೊಳಗೆ ಪೊಳ್ಳು ದಾರಿಗಳಿವೆ. ಚಳಿಗಾಲದಲ್ಲಿ ಎಚ್ಚರ ತಪ್ಪಿದರೆ ಆ ನೀರು ಹೆಪ್ಪುಗಟ್ಟಿ, ನೂರಕ್ಕೆ ಸುಮಾರು 9 ಪಾಲು ಹಿಗ್ಗುತ್ತದೆ. ಎರಕದ ಕಬ್ಬಿಣಕ್ಕೆ ಬಾಗುವ ಗುಣವಿಲ್ಲ, ಅದು ಬಿರಿಯುತ್ತದೆ.

ಬೆಸುಗೆ ಹಾಕಬಾರದೇ ಎಂದರೆ, ಅದೂ ಸುಲಭವಲ್ಲ. ಇಂಗಾಲ ಹೆಚ್ಚಾಗಿರುವ ಈ ಲೋಹವನ್ನು ಮೊದಲೇ ಹದವಾಗಿ ಕಾಯಿಸಿ, ಬಳಿಕ ಬಹು ಮೆಲ್ಲಗೆ ಆರಿಸದಿದ್ದರೆ ಬೆಸುಗೆಯ ಅಂಚಿನಲ್ಲಿಯೇ ಹೊಸ ಬಿರುಕು ಮೂಡುತ್ತದೆ. ಆದುದರಿಂದ ನುರಿತ ಕುಶಲಿಗಳು ಬೆಂಕಿಯನ್ನು ಬಿಟ್ಟು ಹೊಲಿಗೆಯನ್ನು ಹಿಡಿಯುವರು. ಅಯಸ್ಕಾಂತವನ್ನೂ ಕಬ್ಬಿಣದ ಪುಡಿಯನ್ನೂ ಬಳಸಿ ಬಿರುಕಿನ ತುದಿಯನ್ನು ಕಂಡುಕೊಳ್ಳುವರು. ಬಿರುಕಿಗೆ ಅಡ್ಡಲಾಗಿ ಲೋಹದ ಬೀಗಗಳನ್ನು ಕೂರಿಸುವರು. ಅದರ ಉದ್ದಕ್ಕೂ ರಂಧ್ರ ಕೊರೆದು, ಮರೆ ಹಾಕಿ, ಒಂದರ ಅಂಚನ್ನು ಇನ್ನೊಂದು ಕಚ್ಚುವಂತೆ ತಿರುಪುಗಳನ್ನು ಬಿಗಿಯುವರು. ಕೌದಿ ಹೊಲಿಯುವ ಅಜ್ಜಿಯ ತಾಳ್ಮೆಯೇ ಇಲ್ಲಿಯೂ ಬೇಕು. ಕಡೆಗೆ ಮೇಲ್ಮೈಯನ್ನು ಉಜ್ಜಿ ಸಮಮಾಡಿ, ಒತ್ತಡ ಕೊಟ್ಟು, ಸೋರುವುದೇ ಎಂದು ಪರೀಕ್ಷಿಸುವರು.

ಇಷ್ಟು ಶ್ರಮವೇಕೆ? ಜಾಗ್ವಾರ್ ಸಂಸ್ಥೆಯು ಹಳೆಯ ಕಾರುಗಳ ಜೀರ್ಣೋದ್ಧಾರಕ್ಕೆಂದು 2017ರಲ್ಲಿ ಕಾವೆಂಟ್ರಿಯ ಬಳಿ ಕಾರ್ಯಾಗಾರವನ್ನು ತೆರೆಯಿತು, 2020ರಲ್ಲಿ 3.8 ಲೀಟರಿನ ಹೊಸ ಬ್ಲಾಕುಗಳನ್ನೂ ಎರಕ ಹೊಯ್ದು ಮಾರಾಟಕ್ಕೆ ತಂದಿತು. ಮುರಿದ ದಂಡವೊಂದು ಪಕ್ಕೆಯನ್ನು ಸೀಳಿ ಹೊರಬಂದು, ಬ್ಲಾಕು ಚೂರುಚೂರಾಗಿದ್ದರೆ ಹೊಸದೇ ಗತಿ. ಆದರೆ ಹಳೆಯ ಬ್ಲಾಕಿನ ಮೇಲೆ ಅಂದಿನ ಕೆಲಸಗಾರನು ಒತ್ತಿದ ಸಂಖ್ಯೆಯಿದೆ. ಕಾರಿನ ಫಲಕದಲ್ಲಿಯೂ ಕಾರ್ಖಾನೆಯ ದಾಖಲೆಯಲ್ಲಿಯೂ ಇರುವುದು ಅದೇ ಸಂಖ್ಯೆ. ಅದು ಕಾರಿನ ಜಾತಕ. ಬ್ಲಾಕನ್ನು ಬದಲಿಸಿದರೆ ಕಾರು ಓಡೀತು. ಜಾತಕ ಮಾತ್ರ ಬೇರೆಯಾಗುವುದು.

ಕಾವೆಂಟ್ರಿಯ ಚಾವಣಿಯಿಲ್ಲದ ಇಗರ್ಜಿಯೊಳಗೆ ಮಳೆ ಇಂದಿಗೂ ನೇರವಾಗಿ ನೆಲಕ್ಕೆ ಬೀಳುತ್ತದೆ. ಹೊಸ ಮಂದಿರದ ಬಾಗಿಲಿಗೆ ಹೋಗುವವರು ಆ ಒದ್ದೆ ಕಲ್ಲುಗಳ ಮೇಲೆಯೇ ನಡೆದು ಹೋಗುವರು. ಒಡೆದ ಮುತ್ತಿಗೆ ಗತಿಯಿಲ್ಲದಿರಬಹುದು; ಕಲ್ಲಿಗೂ ಕಬ್ಬಿಣಕ್ಕೂ, ಕಾಯುವ ಕೈಗಳಿದ್ದರೆ, ಇನ್ನೊಂದು ಬಾಳು ಉಂಟು.